ಸಣ್ಣಸ್ವಾಮಿಯ ಬಾಗಿದ ಸಾಲು

ಕುಶಾಲನಗರದಲ್ಲಿ ನನ್ನ ಟೈಲರಿಂಗ್ ಅಂಗಡಿಗೂ ಸಣ್ಣಸ್ವಾಮಿಯ ಫೋಟೋ ಸ್ಟುಡಿಯೋಗೂ ನಡುವೆ ಇರುವುದು ಒಂದೇ ಗೋಡೆ. ಅದೂ ಅರ್ಧ ಇಟ್ಟಿಗೆಯದು. ಅವನು ಆ ಕಡೆ ಸೀನಿದರೆ ಈ ಕಡೆ ನನ್ನ ಸೂಜಿ ದಾರಿ ತಪ್ಪುತ್ತದೆ. ಇಷ್ಟು ವರ್ಷ ಅಕ್ಕಪಕ್ಕ ಇದ್ದ ಮೇಲೆ ಒಬ್ಬ ಮನುಷ್ಯನ ಬಗ್ಗೆ ನಾಲ್ಕು ಮಾತು ಹೇಳುವ ಹಕ್ಕು ಬರುತ್ತದೆ ಎಂದು ನನ್ನ ಭಾವನೆ. ಬರದಿದ್ದರೂ ಹೇಳುತ್ತೇನೆ. ಸೋಮವಾರಪೇಟೆ ಕಡೆಯ ವಿಮಲಮ್ಮನವರಿಗೆ ಒಂದೇ ಒಂದು ಆಸೆಯಿತ್ತು: ಇಬ್ಬರು ಗಂಡುಮಕ್ಕಳನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ಒಂದು ಫೋಟೋ. ಅದನ್ನು ಸಣ್ಣಸ್ವಾಮಿ ತೆಗೆದ. ಹೇಗೆ ತೆಗೆದ ಎನ್ನುವುದು ಅರ್ಥವಾಗಬೇಕಾದರೆ ಅವನು ಎಂಥವನು ಎಂದು ಮೊದಲು ತಿಳಿಯಬೇಕು.

ಅವನ ತಾತ ಅರಕಲಗೂಡಿನ ಕಡೆಯಿಂದ ಬಂದು ಇಲ್ಲಿ ಜಮೀನು ಮಾಡಿದವರು. ಅಣ್ಣತಮ್ಮಂದಿರೆಲ್ಲ ಶುಂಠಿ, ಜೋಳ ಎಂದು ಹೊಲದಲ್ಲೇ ಉಳಿದರು. ಇವನು ಕ್ಯಾಮೆರಾ ಹಿಡಿದ. ಮೈಮೇಲೆ ಸದಾ ಹತ್ತಾರು ಜೇಬುಗಳ ಖಾಕಿ ಜಾಕೆಟ್ಟು. ಆ ಜೇಬುಗಳಲ್ಲಿ ಏನಿದೆ ಎಂದು ಒಮ್ಮೆ ಕೇಳಿದ್ದೆ. ಒಂದರಲ್ಲಿ ಲೆನ್ಸ್ ಒರೆಸುವ ಬಟ್ಟೆ, ಒಂದರಲ್ಲಿ ಶುಂಠಿ ಪೆಪ್ಪರ್ಮೆಂಟು, ಮಿಕ್ಕವು ಖಾಲಿ ಎಂದ. ನಗುವುದಿಲ್ಲ. ಮದುವೆ ಮನೆಯಲ್ಲಿ ಎಲ್ಲರಿಗೂ ನಗಿ ನಗಿ ಎನ್ನುತ್ತಾನೆ, ಅವನು ಮಾತ್ರ ತೆರಿಗೆ ಕಟ್ಟಲು ನಿಂತವನಂತೆ ಇರುತ್ತಾನೆ.

ಅವನಿಗೂ ನನಗೂ ಜಗಳ ಶುರುವಾದದ್ದು ತೋಳಿನ ವಿಷಯಕ್ಕೆ.

ನಮ್ಮ ಕಡೆಯ ಕಲ್ಯಾಣಮಂಟಪಗಳು ಚಿಕ್ಕವು, ನೆಂಟರು ಜಾಸ್ತಿ. ಹಿಂದೆ ಹಿಂದೆ ಹೋಗಿ ಎಲ್ಲರನ್ನೂ ಫೋಟೋದಲ್ಲಿ ಹಿಡಿಸೋಣ ಎಂದರೆ ಬೆನ್ನಿಗೆ ಗೋಡೆ ಬಡಿಯುತ್ತದೆ. ಅದಕ್ಕೆ ಸಣ್ಣಸ್ವಾಮಿ ಮೈಸೂರಿನಿಂದ ಒಂದು ವೈಡ್ ಲೆನ್ಸ್ ತಂದ. ನಿಂತಲ್ಲೇ ನಿಂತು ಇಡೀ ಮಂಟಪವನ್ನೇ ನುಂಗುವ ಲೆನ್ಸು. ನುಂಗಿತು, ಆದರೆ ಜೀರ್ಣವಾಗಲಿಲ್ಲ. ಅದರಲ್ಲಿ ತೆಗೆದ ಮೊದಲ ಮದುವೆ ಫೋಟೋದಲ್ಲಿ ನಡುವೆ ನಿಂತ ಗಂಡು ಹೆಣ್ಣು ಸರಿಯಾಗಿಯೇ ಬಂದರು. ಅಂಚಿಗೆ ಹೋದ ಹಾಗೆ ಒಬ್ಬೊಬ್ಬರೂ ಅಡ್ಡಡ್ಡ ಹಿಗ್ಗಿಕೊಂಡರು. ಕಟ್ಟಕಡೆಯಲ್ಲಿ ನಿಂತ ಹೆಣ್ಣಿನ ಸೋದರತ್ತೆಯ ತಲೆ ಕುಂಬಳಕಾಯಿ ಅಡ್ಡ ಮಲಗಿದ ಹಾಗಿತ್ತು.

ಆ ಅತ್ತೆ ಫೋಟೋ ಹಿಡಿದುಕೊಂಡು ಬಂದದ್ದು ಅವನ ಹತ್ತಿರ ಅಲ್ಲ, ನನ್ನ ಹತ್ತಿರ.

“ನೋಡಮ್ಮ ರಂಗಮ್ಮ, ನೀನು ಹೊಲಿದ ರವಿಕೆ. ಈ ತೋಳಲ್ಲಿ ಇನ್ನೊಬ್ಬರು ಬಾಡಿಗೆಗೆ ಇರಬೋದು.”

ನಾನು ಟೇಪು ತೆಗೆದು ಅವಳ ತೋಳು ಅಳೆದೆ, ರವಿಕೆ ತರಿಸಿ ಅದನ್ನೂ ಅಳೆದೆ. ಎರಡೂ ಸರಿಯಾಗಿದ್ದವು. ಆಮೇಲೆ ಟೇಪು ಕೊರಳಲ್ಲಿ ಹಾಕಿಕೊಂಡೇ ಪಕ್ಕದ ಬಾಗಿಲಿಗೆ ಹೋಗಿ ಬಾಯಿಗೆ ಬಂದ ಹಾಗೆ ಬೈದೆ. ನನಗೆ ಕೋಪ ಬಂದರೆ ಬೀದಿಯ ಆ ತುದಿಯ ಬೇಕರಿಯವನಿಗೂ ಗೊತ್ತಾಗುತ್ತದೆ.

ಸಣ್ಣಸ್ವಾಮಿ ಪೂರ್ತಿ ಕೇಳಿಸಿಕೊಂಡ. “ತಪ್ಪು ನಿಂದಲ್ಲ ಕಣಕ್ಕ, ನಂದೂ ಅಲ್ಲ,” ಎಂದ. “ಲೆನ್ಸು ಅಂಚಲ್ಲಿರೋರ್ನ ಎಳೀತದೆ. ಗೋಡೆ ಕಂಬ ನೆಟ್ಟಗಿರಬೇಕು ಅಂತ ಮನುಷ್ಯರನ್ನ ಎಳೀತದೆ.”

“ಕಂಬಕ್ಕೆ ಯಾರು ದುಡ್ಡು ಕೊಡ್ತಾರೆ? ಮನುಷ್ಯರನ್ನ ಸರಿ ಮಾಡು.”

ಮಾಡಿದ. ಕಂಪ್ಯೂಟರಿನ ಮುಂದೆ ಕೂತು ಎಳೆದು ಬಿಟ್ಟು ಅತ್ತೆಯ ತಲೆಯನ್ನು ತಲೆಯ ಆಕಾರಕ್ಕೆ ತಂದ. ತೋಳೂ ತೋಳಾಯಿತು. ಆದರೆ ಹಿಂದಿನ ಕಂಬಗಳು ಬಾಳೆಕಾಯಿಯಂತೆ ಬಗ್ಗಿದವು. ಮಂಟಪದ ಯಜಮಾನರು ಬಂದು, ಈ ಫೋಟೋ ಊರೆಲ್ಲ ಓಡಾಡಿದರೆ ಕಟ್ಟಡ ಬೀಳುತ್ತದೆ ಎಂದುಕೊಂಡು ಯಾರೂ ಬುಕ್ ಮಾಡುವುದಿಲ್ಲ ಎಂದರು. ಅವರೂ ಬೈದರು, ಆದರೆ ನನ್ನಷ್ಟು ಚೆನ್ನಾಗಿ ಬೈಯಲು ಬರಲಿಲ್ಲ.

ಅಂದಿನಿಂದ ಸಣ್ಣಸ್ವಾಮಿಗೆ ಇದೊಂದು ಗೀಳಾಯಿತು. ಕಂಬ ಸರಿ ಮಾಡಿದರೆ ಅತ್ತೆ ಕೆಡುತ್ತಾಳೆ, ಅತ್ತೆಯನ್ನು ಸರಿ ಮಾಡಿದರೆ ಕಂಬ ಕೆಡುತ್ತದೆ. ಎರಡನ್ನೂ ಉಳಿಸುವುದು ಹೇಗೆ ಎಂದು ಊಟ ಮಾಡುವಾಗಲೂ ಯೋಚಿಸುತ್ತಿದ್ದ. ತೆಳ್ಳಗಿರುವವರನ್ನು ಅಂಚಿಗೆ ನಿಲ್ಲಿಸಿ ನೋಡಿದ. ಅದು ನಡೆಯಲಿಲ್ಲ. ಗುಂಪು ಫೋಟೋದಲ್ಲಿ ಯಾರು ಎಲ್ಲಿ ನಿಲ್ಲಬೇಕು ಎನ್ನುವುದನ್ನು ಫೋಟೋದವನು ತೀರ್ಮಾನಿಸುವುದಿಲ್ಲ. ದೊಡ್ಡ ಅಳಿಯ ನಡುವೆ ನಿಲ್ಲಬೇಕು. ಅವನ ಪಕ್ಕ ಅವನ ಅಪ್ಪ. ಹಾಗೆ ಇಳಿಯುತ್ತಾ ಇಳಿಯುತ್ತಾ ಮಾತಿಗೆ ಬೆಲೆಯಿಲ್ಲದವರು, ತಡವಾಗಿ ಬಂದವರು, ಅಡುಗೆ ಮನೆಯಿಂದ ಕೈ ಒರೆಸಿಕೊಂಡು ಓಡಿ ಬಂದವರು ಅಂಚಿಗೆ ಬೀಳುತ್ತಾರೆ. ಲೆನ್ಸು ಅವರನ್ನೇ ಹಿಡಿದು ಎಳೆಯುತ್ತದೆ. ಇದನ್ನು ನೋಡಿ ನನಗೆ ಲೆನ್ಸಿನ ಮೇಲೆ ನಿಜವಾಗಿಯೂ ಸಿಟ್ಟು ಬರುತ್ತಿತ್ತು.

ಕೊನೆಗೆ ಅವನು ಬೇರೆ ದಾರಿ ಹಿಡಿದ. ಒಂದೇ ಸಲಕ್ಕೆ ಎಲ್ಲರನ್ನೂ ಹಿಡಿಯುವುದು ಬೇಡ. ಸಾಧಾರಣ ಲೆನ್ಸು ಹಾಕಿ, ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಸಾಲಾಗಿ ಹಲವು ಫೋಟೋ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಒಂದಕ್ಕೊಂದು ಸೇರಿಸುವುದು. “ನೀನು ತುಂಡು ಬಟ್ಟೆ ಜೋಡಿಸಿ ಹೊಲೀತೀಯಲ್ಲ, ಹಂಗೆ,” ಎಂದು ನನಗೆ ವಿವರಿಸಿದ. ನನ್ನ ಹೊಲಿಗೆಯಲ್ಲಿ ಜೋಡಿಸಿದ್ದು ಕಾಣುವುದಿಲ್ಲ ಎಂದೆ. ಇದರಲ್ಲೂ ಕಾಣಬಾರದು ಎಂದ. ಮೊದಲು ದುಬಾರೆಗೆ ಹೋಗಿ ಆನೆಗಳು ಹೊಳೆಯಲ್ಲಿ ನಿಂತದ್ದನ್ನು ಹಾಗೆ ತೆಗೆದುಕೊಂಡು ಬಂದ. ಅವನು ತಿರುಗಿಸುವಷ್ಟರಲ್ಲಿ ಒಂದು ಆನೆಯೂ ತಿರುಗಿತ್ತು. ಜೋಡಿಸಿದ ಮೇಲೆ ಅದಕ್ಕೆ ಎರಡು ಸೊಂಡಿಲು, ಆರು ಕಾಲು. ಆನೆಗಳಿಗೆ ಶಿಸ್ತು ಇಲ್ಲ ಎಂದು ಸಣ್ಣಸ್ವಾಮಿ ದೂರಿದ.

ಮನುಷ್ಯರಿಗೆ ಶಿಸ್ತು ಇತ್ತು, ಆದರೆ ಇನ್ನೊಂದು ತೊಂದರೆ ಬಂತು. ನೆಟ್ಟಗೆ ಸಾಲಾಗಿ ನಿಂತರೆ ನಡುವಿನವರು ಕ್ಯಾಮೆರಾಕ್ಕೆ ಹತ್ತಿರ, ತುದಿಯವರು ದೂರ. ಫೋಟೋದಲ್ಲಿ ನಡುವಿನವರು ದೈತ್ಯರಾದರು, ತುದಿಯವರು ಕುಳ್ಳರಾದರು. ಇಡೀ ಸಾಲು ಬಸುರಿಯ ಹೊಟ್ಟೆಯಂತೆ ಮುಂದೆ ಬಂತು. ಆಗ ಅವನಿಗೆ ಹೊಳೆದದ್ದು ಇಷ್ಟೇ: ಫೋಟೋದಲ್ಲಿ ಸಾಲು ನೆಟ್ಟಗೆ ಕಾಣಬೇಕಾದರೆ ನೆಲದ ಮೇಲೆ ಸಾಲು ಬಗ್ಗಬೇಕು. ಎಲ್ಲರೂ ಕ್ಯಾಮೆರಾದಿಂದ ಒಂದೇ ದೂರದಲ್ಲಿರಬೇಕು. ಸ್ಟ್ಯಾಂಡಿಗೆ ಒಂದು ಹಗ್ಗ ಕಟ್ಟಿ, ಇನ್ನೊಂದು ತುದಿ ಹಿಡಿದು ಸುತ್ತುತ್ತಾ ನೆಲದ ಮೇಲೆ ರಂಗೋಲಿ ಪುಡಿ ಉದುರಿಸಿಕೊಂಡು ಹೋದ. ಆ ಗೆರೆಯ ಮೇಲೆ ನಿಂತವರೆಲ್ಲ ಫೋಟೋದಲ್ಲಿ ಒಂದೇ ಅಳತೆಗೆ ಬಂದರು. ಯಾರ ತೋಳೂ ಹಿಗ್ಗಲಿಲ್ಲ. ಅದನ್ನು ನೋಡಿ ನಾನು ಅವನಿಗೆ ಟೀ ಕುಡಿಸಿದೆ.

ವಿಮಲಮ್ಮನವರು ಬಂದದ್ದು ಇದಾದ ಮೇಲೆ.

ಅವರದು ಸೋಮವಾರಪೇಟೆಯಿಂದ ಒಳಗೆ ಕಾಫಿ ತೋಟ. ಗಂಡ ತೀರಿಕೊಂಡು ಬಹಳ ವರ್ಷವಾಗಿದೆ. ಮೂವರು ಹೆಣ್ಣುಮಕ್ಕಳನ್ನು ಹತ್ತಿರದ ಊರುಗಳಿಗೇ ಕೊಟ್ಟಿದ್ದಾರೆ. ದೊಡ್ಡ ಮಗ ಶಿವಪ್ರಕಾಶ್, ಚಿಕ್ಕವನು ಕೀರ್ತಿಕುಮಾರ್. ತೋಟ ಪಾಲಾದಾಗ ಜಗಳವಾಗಲಿಲ್ಲ. ಜಗಳವಾದದ್ದು ಹೂವಿನ ನೀರಿಗೆ. ಬೇಸಿಗೆಯಲ್ಲಿ ಕಾಫಿ ಗಿಡ ಮೊಗ್ಗು ಹಿಡಿದುಕೊಂಡು ಕಾಯುತ್ತಿರುತ್ತದಲ್ಲ, ಆಗ ಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಿ ನೀರು ಕೊಡಬೇಕು, ಕೊಟ್ಟರೆ ಹೂವು, ಇಲ್ಲದಿದ್ದರೆ ಮೊಗ್ಗೇ ಸುಟ್ಟುಹೋಗುತ್ತದೆ. ಇಬ್ಬರಿಗೂ ಒಂದೇ ಕೆರೆ, ಒಂದೇ ಪಂಪು. ಒಂದು ವರ್ಷ ಅಣ್ಣನ ಸರದಿಯಲ್ಲಿ ತಮ್ಮ ಪೈಪು ತಿರುಗಿಸಿಕೊಂಡ. ನಾಳೆ ಮಳೆ ಬರುತ್ತದೆ, ಅಣ್ಣನ ಕಡೆಗೆ ಅದೇ ಸಾಕು ಎಂದುಕೊಂಡನಂತೆ. ಮಳೆ ಬರಲಿಲ್ಲ. ತಮ್ಮನ ತೋಟವೆಲ್ಲ ಬೆಳ್ಳಗೆ ಹೂವಾಯಿತು, ಬೇಲಿಯ ಈಚೆ ಅಣ್ಣನದು ಕರಕಲಾಯಿತು. ಅಂದಿನಿಂದ ಇಬ್ಬರೂ ಎಣ್ಣೆ ಸೀಗೆಕಾಯಿ. ಎದುರಾದರೆ ಒಬ್ಬ ಗಿಡ ನೋಡುತ್ತಾನೆ, ಇನ್ನೊಬ್ಬ ಫೋನು ನೋಡುತ್ತಾನೆ. ವಿಮಲಮ್ಮ ದೊಡ್ಡವನ ಮನೆಯಲ್ಲಿದ್ದರು, ದಿನಾ ಒಮ್ಮೆ ಬೇಲಿ ದಾಟಿ ಚಿಕ್ಕವನ ಮನೆಗೂ ಹೋಗಿ ಬರುತ್ತಿದ್ದರು. ದೊಡ್ಡವನ ಮಗಳು ಸ್ಪಂದನಾಗೆ ಮದುವೆ ಗೊತ್ತಾಗಿತ್ತು. ಅವಳು ಮನೆ ಬಿಡುವ ಮೊದಲು ಎಲ್ಲರೂ ಇರುವ ಒಂದು ಫೋಟೋ ಬೇಕು ಎಂದು ಅವರಿಗೆ ಹಟ ಬಂದಿತ್ತು.

ಮೊದಲು ನನ್ನ ಅಂಗಡಿಗೆ ಬಂದು, ಮನೆಯ ಹೆಂಗಸರಿಗೆಲ್ಲ ಒಂದೇ ಬಣ್ಣದ ರವಿಕೆ ಹೊಲಿಯಲು ಹೇಳಿ, ಆಮೇಲೆ ಪಕ್ಕಕ್ಕೆ ಹೋದರು. ಗೋಡೆ ಅರ್ಧ ಇಟ್ಟಿಗೆಯದಾದ್ದರಿಂದ ಎಲ್ಲ ಕೇಳಿಸಿತು.

“ಅಮ್ಮ, ಅಣ್ಣತಮ್ಮಂದಿರು ಮಾತಾಡಲ್ಲ ಅಂದ್ರೆ ಎರಡು ಫೋಟೋ ತೆಗೀತೀನಿ,” ಎಂದ ಸಣ್ಣಸ್ವಾಮಿ. “ಅವರ ಜೊತೆ ಒಂದು, ಇವರ ಜೊತೆ ಒಂದು.”

“ನಂಗಿರೋದು ಒಂದೇ ಗೋಡೆ ಕಣಪ್ಪ. ಒಂದೇ ಫೋಟೋ ಬೇಕು. ಇಬ್ರೂ ನನ್ನ ಪಕ್ಕ ಇರಬೇಕು. ನಾಳೆ ನಾನು ಹೋದ್ಮೇಲೆ ಎಲ್ಲರೂ ಅದನ್ನೇ ನೋಡೋದು.”

ಮಕ್ಕಳು ಒಪ್ಪಿದರು, ಆದರೆ ಒಂದು ಷರತ್ತಿನ ಮೇಲೆ. ಅದೂ ಒಬ್ಬರಿಗೊಬ್ಬರು ಹೇಳಿಕೊಳ್ಳದೆಯೇ ಇಬ್ಬರದೂ ಒಂದೇ ಷರತ್ತು: ಅವನು ಆ ತುದಿ, ನಾನು ಈ ತುದಿ. ಸಾಮಾನ್ಯವಾಗಿ ತುದಿ ಬೇಡ ಎಂದು ಗಲಾಟೆ ಮಾಡುವವರನ್ನು ನೋಡಿದ್ದ ಸಣ್ಣಸ್ವಾಮಿಗೆ ತುದಿಯೇ ಬೇಕು ಎನ್ನುವವರು ಸಿಕ್ಕಿದ್ದು ಮೊದಲ ಸಲ. ಹೂಂ ಎಂದ.

ಮಾರ್ಚ್ ತಿಂಗಳ ಒಂದು ಭಾನುವಾರ ಅವನ ವ್ಯಾನಿನಲ್ಲಿ ನಾನೂ ಹೋದೆ. ಗುಂಡಿ ಕಿತ್ತುಹೋದರೆ, ಕೊಕ್ಕೆ ಸಡಿಲಾದರೆ ನೋಡಲು ಎಂದು ಹೇಳಿದೆ. ನಿಜ ಹೇಳಬೇಕೆಂದರೆ ನಾನು ಹೊಲಿದ ತೋಳುಗಳನ್ನು ಅವನ ಕೈಗೆ ಒಪ್ಪಿಸಿ ಸುಮ್ಮನಿರಲು ಧೈರ್ಯ ಬರಲಿಲ್ಲ.

ಫೋಟೋ ತೆಗೆಯಲು ಇದ್ದದ್ದು ಕಾಫಿ ಒಣಗಿಸುವ ಕಣ. ದೊಡ್ಡ ಕಣವೇ, ಆದರೆ ಅದೂ ಪಾಲಾಗಿತ್ತು. ಅಣ್ಣನ ಅರ್ಧ ಖಾಲಿ, ತಮ್ಮನ ಅರ್ಧದ ತುಂಬ ಕಾಳುಮೆಣಸು ಹರವಿತ್ತು. ಸ್ವಲ್ಪ ಗುಡಿಸಿಕೊಳ್ಳಿ ಎಂದು ಅಣ್ಣ ಕೇಳುವುದಿಲ್ಲ. ಕೇಳದೆ ತಮ್ಮ ಗುಡಿಸುವುದಿಲ್ಲ. ಸುಮಾರು ನಲವತ್ತು ಜನ ಅರ್ಧ ಕಣದಲ್ಲಿ ನಿಲ್ಲಬೇಕಾಯಿತು. ಸಣ್ಣಸ್ವಾಮಿ ಹಗ್ಗವನ್ನು ಚಿಕ್ಕದು ಮಾಡಿದ. ಚಿಕ್ಕದು ಮಾಡಿದಷ್ಟೂ ಗೆರೆ ಒಳಗೆ ಬಾಗಿತು. ರಂಗೋಲಿ ಪುಡಿ ಸುತ್ತಿ ಮುಗಿಸುವಾಗ ಅದು ಸಾಲಲ್ಲ, ಕುದುರೆ ಲಾಳ. ಎರಡು ತುದಿಗಳ ನಡುವೆ ಒಂದು ಎತ್ತಿನಗಾಡಿ ನಿಲ್ಲುವಷ್ಟು ಜಾಗ ಉಳಿದಿತ್ತು.

ಅಣ್ಣ ಎಡ ತುದಿಯಲ್ಲಿ ನಿಂತ. ತಮ್ಮ ಬಲ ತುದಿಯಲ್ಲಿ ನಿಂತ. ತಲೆ ಎತ್ತಿದರೆ ತಮ್ಮನಿಗೆ ಎದುರಿಗೆ ಅಣ್ಣನ ಮುಖ, ಅಣ್ಣನಿಗೆ ಎದುರಿಗೆ ತಮ್ಮನ ಮುಖ. ಫೋಟೋದಲ್ಲಿ ಎಲ್ಲರಿಗಿಂತ ದೂರ ಇರಬೇಕಾದವರು ಕಣದ ಮೇಲೆ ಎಲ್ಲರಿಗಿಂತ ಎದುರಾಬದುರಾಗಿದ್ದರು.

“ಇದೇನ್ ಸಣ್ಣಸ್ವಾಮಿ? ಬೇರೆ ಬೇರೆ ನಿಲ್ಸಿ ಅಂದ್ರೆ ಎದುರಿಗೇ ನಿಲ್ಸಿದೀರಿ?” ಎಂದ ಶಿವಪ್ರಕಾಶ್.

“ಫೋಟೋದಲ್ಲಿ ನೀವು ಆ ಮೂಲೆ, ಅವರು ಈ ಮೂಲೆ ಅಣ್ಣ. ಇಲ್ಲಿ ಮಾತ್ರ ಹಿಂಗೆ. ಕಣ ಚಿಕ್ಕದು, ನಾನೇನು ಮಾಡ್ಲಿ?”

ಇದನ್ನು ಬೇಕೆಂದೇ ಮಾಡಿದೆಯಾ ಎಂದು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. ಇಲ್ಲ ಎನ್ನುತ್ತಾನೆ. ಅವನಿಗೆ ಅಷ್ಟು ತಲೆ ಓಡುವುದಿಲ್ಲ ಎಂದು ನನಗೂ ಗೊತ್ತಿದೆ.

ಇಬ್ಬರೂ ಎರಡು ತುದಿಯಲ್ಲಿದ್ದರೆ ವಿಮಲಮ್ಮ ಇಬ್ಬರ ಪಕ್ಕವೂ ನಿಲ್ಲುವುದು ಹೇಗೆ? ಸಣ್ಣಸ್ವಾಮಿಗೆ ದುಬಾರೆಯ ಆನೆ ನೆನಪಾಗಿರಬೇಕು. “ಅಮ್ಮ, ನಿಮ್ಮನ್ನ ಎರಡು ಸಲ ತೆಗೀಬೋದು,” ಎಂದ. ಮೊದಲು ದೊಡ್ಡವನ ಪಕ್ಕ ನಿಲ್ಲಬೇಕು. ಕ್ಯಾಮೆರಾ ಅವರನ್ನು ದಾಟಿ ಮುಂದಕ್ಕೆ ತಿರುಗಿದ ಮೇಲೆ, ಅವರು ಮೆಲ್ಲಗೆ ಕ್ಯಾಮೆರಾದ ಹಿಂದಿನಿಂದ ನಡೆದು ಚಿಕ್ಕವನ ಪಕ್ಕ ಹೋಗಿ ನಿಲ್ಲಬೇಕು. ಸುತ್ತಿಕೊಂಡು ಕ್ಯಾಮೆರಾ ಅಲ್ಲಿಗೆ ಬರುತ್ತದೆ. ಒಂದೇ ಫೋಟೋದಲ್ಲಿ ಇಬ್ಬರು ವಿಮಲಮ್ಮ. ಅಳಿಯಂದಿರಲ್ಲೊಬ್ಬರು ಇದೆಲ್ಲ ಅಪಶಕುನ ಎಂದು ಗೊಣಗಿದರು. ವಿಮಲಮ್ಮ ಆ ಕಡೆ ತಿರುಗಿಯೂ ನೋಡಲಿಲ್ಲ. “ಅಷ್ಟೇನಾ? ನಾನು ದಿನಾ ಮಾಡೋದು ಅದೇ,” ಎಂದರು.

ಎಲ್ಲರೂ ಗೆರೆಯ ಮೇಲೆ ನಿಂತರು. ಎಡ ತುದಿಯಲ್ಲಿ ವಿಮಲಮ್ಮ, ಅವರ ಪಕ್ಕ ಶಿವಪ್ರಕಾಶ್, ಅವನ ಪಕ್ಕ ಅವನ ಹೆಂಡತಿ, ಸ್ಪಂದನಾ, ಹಾಗೇ ಸುತ್ತಿಕೊಂಡು ಬಲ ತುದಿಯ ಕೀರ್ತಿಕುಮಾರ್‌ವರೆಗೆ. ನಾನು ಕ್ಯಾಮೆರಾದ ಹಿಂದೆ ನಿಂತೆ. ಸಣ್ಣಸ್ವಾಮಿ ಅಲುಗಾಡಬೇಡಿ ಎಂದು ಕೂಗಿ, ತೆಗೆದ, ತಿರುಗಿಸಿದ, ತೆಗೆದ, ತಿರುಗಿಸಿದ. “ಅಮ್ಮ, ನಿಮ್ದಾಯ್ತು. ನಡೀರಿ.”

ವಿಮಲಮ್ಮನಿಗೆ ಮಂಡಿ ನೋವು. ಊರುಗೋಲು ಫೋಟೋದಲ್ಲಿ ಬರಬಾರದು ಎಂದು ಬಿಟ್ಟು ಬಂದಿದ್ದರು. ಕಣ ನೀರು ಹರಿಯಲೆಂದು ಒಂದು ಕಡೆ ಇಳಿಜಾರು. ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟರು. ನಾನು ಓಡಿ ಹೋಗಿ ಕೈ ಹಿಡಿದೆ. ಕೊಡವಿದರು.

“ನಿನ್ ಕೈ ಬೇಡ ಕಣೆ. ಶಿವೂ, ಬಾರೋ. ನಿಂದೂ ಆಯ್ತಲ್ಲ.”

ಶಿವಪ್ರಕಾಶ್‌ ಸಣ್ಣಸ್ವಾಮಿಯ ಬೆನ್ನು ನೋಡಿದ. ಅವನು ಅತ್ತ ಕಡೆ ತಿರುಗಿಸುತ್ತಾ, ಎರಡನೆಯ ಅಳಿಯನಿಗೆ ಹೊಟ್ಟೆ ಒಳಗೆ ತಗೊಳ್ಳಿ ಎನ್ನುತ್ತಿದ್ದ. ಶಿವಪ್ರಕಾಶ್‌ ಗೆರೆ ಬಿಟ್ಟು ಬಂದು ತಾಯಿಯ ಕೈ ಹಿಡಿದುಕೊಂಡ. ಇಬ್ಬರೂ ಹೆಜ್ಜೆ ಮೇಲೆ ಹೆಜ್ಜೆ ಇಟ್ಟುಕೊಂಡು ಆ ಗಾಡಿ ಹಿಡಿಸುವಷ್ಟು ಜಾಗವನ್ನು ದಾಟಿದರು. ಎದುರಿಗೆ ಕೀರ್ತಿಕುಮಾರ್ ನಿಂತಿದ್ದ. ಅಲುಗಾಡಬೇಡಿ ಎಂದು ಸಣ್ಣಸ್ವಾಮಿ ಹೇಳಿದ್ದನಲ್ಲ, ಗಿಡ ನೋಡಲೂ ತಿರುಗುವ ಹಾಗಿರಲಿಲ್ಲ. ತಾಯಿ ಬಂದು ಒಂದು ಕೈಯಲ್ಲಿ ಅವನ ಕೈ ಹಿಡಿದರು. ಇನ್ನೊಂದು ಕೈಯಲ್ಲಿ ದೊಡ್ಡವನದು ಇತ್ತು. ಅದನ್ನು ಬಿಡಲಿಲ್ಲ.

“ಶಿವಪ್ರಕಾಶಣ್ಣ, ನೀವು ಆಚೆ ಬನ್ನಿ! ಬಂತು, ಕ್ಯಾಮೆರಾ ಬಂತು!” ಎಂದು ಸಣ್ಣಸ್ವಾಮಿ ಕೂಗಿದ.

ಶಿವಪ್ರಕಾಶ್‌ ಕೈ ಎಳೆದುಕೊಳ್ಳಲು ನೋಡಿದ. ಎಳೆದರೆ ತಾಯಿ ಬೀಳುತ್ತಾರೆ. ಸುಮ್ಮನೆ ನಿಂತ. ಆಗ ಕೀರ್ತಿಕುಮಾರ್, ತುಟಿ ಅಲುಗಾಡಿಸದೆ, ಕ್ಯಾಮೆರಾವನ್ನೇ ನೋಡುತ್ತಾ ಕೇಳಿದ: “ಅವ್ವಂಗೆ ಶುಗರ್ ಮಾತ್ರೆ ಕೊಟ್ಟಿದ್ಯಾ?”

“ಕೊಟ್ಟೆ,” ಎಂದ ಶಿವಪ್ರಕಾಶ್, ಅವನೂ ಕ್ಯಾಮೆರಾ ನೋಡುತ್ತಾ.

ಕ್ಲಿಕ್ ಎಂದಿತು. ನನಗೆ ಅಳು ಬಂತು. ಯಾರಾದರೂ ಕೇಳಿದರೆ ಮೆಣಸಿನ ಧೂಳು ಎನ್ನೋಣ ಎಂದುಕೊಂಡಿದ್ದೆ, ಯಾರೂ ಕೇಳಲಿಲ್ಲ.

ಅಷ್ಟೇ. ಆಮೇಲೆ ಯಾರೂ ಯಾರನ್ನೂ ತಬ್ಬಿಕೊಳ್ಳಲಿಲ್ಲ. ತಮ್ಮ ತನ್ನ ಮೆಣಸಿನ ಕಡೆ ಹೋದ, ಅಣ್ಣ ಒಳಗೆ ಹೋದ. ನಮಗೆ ಕಡುಬು ಬಡಿಸಿದರು, ತಿಂದು ಬಂದೆವು. ವಿಮಲಮ್ಮ ಮಾತ್ರ ಎರಡು ಹೆಚ್ಚು ತಿಂದರು.

ಮರುದಿನದಿಂದ ಸಣ್ಣಸ್ವಾಮಿ ಜೋಡಿಸಲು ಕೂತ. ಸಾಲು ದಾರ ಹಿಡಿದ ಹಾಗೆ ನೆಟ್ಟಗೆ ಬಂತು. ಯಾವ ತಲೆಯೂ ಹಿಗ್ಗಿರಲಿಲ್ಲ, ನನ್ನ ತೋಳುಗಳು ನಾನು ಹೊಲಿದ ಹಾಗೆಯೇ ಇದ್ದವು. ಎಡ ತುದಿಯಲ್ಲಿ ಒಬ್ಬರು ವಿಮಲಮ್ಮ, ಬಲ ತುದಿಯಲ್ಲಿ ಇನ್ನೊಬ್ಬರು. ಆದರೆ ಶಿವಪ್ರಕಾಶ್ ಕೂಡ ಇಬ್ಬರಾಗಿದ್ದ. ಎಡಗಡೆ ತನ್ನ ಹೆಂಡತಿಯ ಪಕ್ಕ ಷರತ್ತಿನ ಪ್ರಕಾರ ನಿಂತಿದ್ದವನೊಬ್ಬ. ಬಲಗಡೆ ತಾಯಿಯ ಆಚೆ, ಕೈ ಬಿಡಿಸಿಕೊಳ್ಳಲಾರದೆ ನಿಂತವನೊಬ್ಬ.

“ಬಲಗಡೆಯವರನ್ನ ತೆಗೀತೀನಿ,” ಎಂದ ಸಣ್ಣಸ್ವಾಮಿ. “ಅದು ತಪ್ಪಾಗಿ ಬಂದಿರೋದು.”

“ಮುಟ್ಟಿದ್ರೆ ನೋಡು,” ಎಂದೆ. “ಆಯಮ್ಮ ಕೇಳಿದ್ದೇ ಅದನ್ನ. ಇಬ್ರು ಮಕ್ಕಳ ಮಧ್ಯ ನಿಂತಿದಾಳೆ ನೋಡು, ಕಣ್ಣಿಲ್ವಾ ನಿಂಗೆ?”

“ಅಮ್ಮ ಎರಡು ಸಲ ಬರಕ್ಕೆ ಒಪ್ಪಿದ್ರು, ಬಂದ್ರು. ಶಿವಪ್ರಕಾಶಣ್ಣ ಒಪ್ಪಿರಲಿಲ್ಲ ಕಣಕ್ಕ. ಆ ತುದಿ ಬೇಕು ಅಂತ ಬಾಯ್ಬಿಟ್ಟು ಕೇಳಿದಾರೆ. ಕೇಳದೆ ಒಬ್ಬರನ್ನ ಅವರಿಗೆ ಬೇಡದವರ ಪಕ್ಕ ನಿಲ್ಸಕ್ಕಾಗಲ್ಲ.”

ಅವನು ಹೇಳಿದ್ದು ನ್ಯಾಯವೇ. ಅದಕ್ಕೇ ನನಗೆ ಇನ್ನೂ ಹೆಚ್ಚು ಸಿಟ್ಟು ಬಂತು. ಎರಡು ದಿನ ಅವನ ಜೊತೆ ಮಾತು ಬಿಟ್ಟೆ. ಮೂರನೆಯ ದಿನ ಅವನೇ ಫೋನ್ ಮಾಡಿ ಶಿವಪ್ರಕಾಶ್‌ನನ್ನು ಕರೆಸಿದ.

ಶಿವಪ್ರಕಾಶ್‌ ಪೇಟೆಗೆ ಗೊಬ್ಬರ ತರಲು ಬಂದವನು ಹಾಗೇ ಸ್ಟುಡಿಯೋಗೆ ಬಂದ. ನಾನು ಒಂದು ರವಿಕೆ ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲಿ ನಿಂತೆ. ಆ ರವಿಕೆಗೂ ಸ್ಟುಡಿಯೋಗೂ ಯಾವ ಸಂಬಂಧವೂ ಇರಲಿಲ್ಲ. ಸಣ್ಣಸ್ವಾಮಿ ಕಂಪ್ಯೂಟರಿನಲ್ಲಿ ಫೋಟೋ ತೆರೆದು, ಎಡ ತುದಿ ತೋರಿಸಿದ, ಮೆಲ್ಲಗೆ ಸರಿಸಿಕೊಂಡು ಹೋಗಿ ಬಲ ತುದಿ ತೋರಿಸಿದ. “ನೀವು ಎರಡು ಕಡೆ ಬಂದ್ಬಿಟ್ಟಿದೀರಿ ಅಣ್ಣ. ಒಂದನ್ನ ತೆಗೀಬೇಕು. ಈ ಕಡೇದ್ದೇ ತೆಗೀಲಾ?”

ಶಿವಪ್ರಕಾಶ್‌ ಕುರ್ಚಿ ಎಳೆದುಕೊಂಡು ಕೂತ. ಬಲ ತುದಿಯನ್ನು ನೋಡಿದ. ಅಲ್ಲಿ ತಮ್ಮ, ತಾಯಿ, ತಾನು. ಮೂವರೂ ನೆಟ್ಟಗೆ, ಒಂದೇ ಅಳತೆಯಲ್ಲಿ, ಯಾರೂ ಹಿಗ್ಗದೆ ಕುಗ್ಗದೆ ನಿಂತಿದ್ದರು. ತಾಯಿ ಬಾಯಿ ತುಂಬ ನಗುತ್ತಿದ್ದರು. ಸಣ್ಣಸ್ವಾಮಿ ಒಂದು ಪೆಪ್ಪರ್ಮೆಂಟು ಕೊಟ್ಟ, ಶಿವಪ್ರಕಾಶ್ ಅದನ್ನು ಕೈಯಲ್ಲೇ ಹಿಡಿದುಕೊಂಡಿದ್ದ.

“ಆ ಕಡೆಯವನನ್ನ ತೆಗೀರಿ,” ಎಂದ ಕೊನೆಗೆ.

“ಯಾವ ಕಡೆ ಅಣ್ಣ?”

“ಎಡಗಡೆ ತಮ್ಮನ್ನ ಬಿಟ್ಟು ನಿಂತಿದಾನಲ್ಲ, ಅವನನ್ನ.”

ಸಣ್ಣಸ್ವಾಮಿ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಏನಾದರೂ ಅಂದುಬಿಡುತ್ತಿದ್ದೆ. ಎಡಗಡೆಗೆ ಸರಿಸಿ, ಶಿವಪ್ರಕಾಶ್‌ನ ಸುತ್ತ ಗೆರೆ ಎಳೆದು ಅವನನ್ನು ಅಳಿಸಿದ. ಅಲ್ಲಿ ವಿಮಲಮ್ಮನಿಗೂ ಸೊಸೆಗೂ ನಡುವೆ ಒಬ್ಬಾಳು ಹಿಡಿಸುವಷ್ಟು ಜಾಗ ಖಾಲಿಯಾಗಿ, ಹಿಂದಿನ ಗೋಡೆ ಕಾಣಿಸಿತು. ಚೆನ್ನಾಗಿರಲಿಲ್ಲ.

“ಇವರಿಬ್ಬರನ್ನ ಹತ್ತಿರಕ್ಕೆ ಸರಿಸಿ ಈ ಜಾಗ ಮುಚ್ಚಿಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ,” ಎಂದ ಸಣ್ಣಸ್ವಾಮಿ.

“ಕೀರ್ತಿಗೂ ಒಂದು ಪ್ರಿಂಟು ಕೊಡ್ತೀರಾ?”

“ಕೊಡ್ತೀನಿ. ಅಮ್ಮ ಹೇಳಿದಾರೆ, ಇಬ್ಬರಿಗೂ.”

“ಹಂಗಾದ್ರೆ ಮುಚ್ಚಬೇಡಿ,” ಎಂದ ಶಿವಪ್ರಕಾಶ್. “ನಾನು ಆ ಜಾಗ ಬಿಟ್ಟು ಅವನ ಕಡೆ ಬಂದೆ ಅನ್ನೋದು ಅವನಿಗೆ ಕಾಣ್ಲಿ.”